ತಲಕಾಡಿನ ಮರಳುಗುಡ್ಡೆ ಈಗ ಯಾಕೆ ನಡೆಯುತ್ತಿಲ್ಲ?

2017ರಲ್ಲಿ ರಾಜ್ಯ ಸರ್ಕಾರ ಹೊಸದಾಗಿ ನೀಲಗಿರಿ ಬೆಳೆಸುವುದಕ್ಕೆ ತಡೆ ಹಾಕಿತು. ಅಂತರ್ಜಲ ಕುಡಿದುಬಿಡುತ್ತೆ ಅನ್ನುವ ದೂರು ಅದಕ್ಕಿಂತ ಎಷ್ಟೋ ಮೊದಲಿನಿಂದ ಇತ್ತು. ಈಗ ನೀಲಗಿರಿ ತೋಪು ಕಂಡಲ್ಲೆಲ್ಲ "ಇದನ್ನ ಕಡಿದು ಬೇರೆ ಮರ ಹಾಕಬಾರದಾ?" ಎಂಬ ಮಾತು ಬರುತ್ತದೆ. ಹೊಲದ ಬದುವಿನಲ್ಲಿರುವ ನೀಲಗಿರಿಯ ವಿಷಯದಲ್ಲಿ ಉತ್ತರ ಸುಲಭ. ತಲಕಾಡಿನಲ್ಲಿ ಅಷ್ಟು ಸುಲಭವಲ್ಲ. ಅಲ್ಲಿ ನೀಲಗಿರಿಯೂ ಸರ್ವೆಯೂ ಬೇರು ಬಿಟ್ಟಿರುವುದು ಒಂದು ಊರನ್ನೇ ಮುಚ್ಚಿಹಾಕಿದ ಮರಳಿನಲ್ಲಿ. ಮರ ತೆಗೆದರೆ ಆ ಮರಳು ಮತ್ತೆ ಹೊರಡುತ್ತದಾ?

ಉತ್ತರ ಬೇಕಾದರೆ ಮೂರು ವಿಷಯ ಗೊತ್ತಿರಬೇಕು. ಗಾಳಿ ಮರಳನ್ನು ಹೇಗೆ ಸಾಗಿಸುತ್ತದೆ, ಸಾಗಿದ ಮರಳು ಯಾಕೆ ಗುಡ್ಡೆಯಾಗುತ್ತದೆ, ನಡುವೆ ಒಂದು ಗಿಡ ಎದ್ದರೆ ಏನಾಗುತ್ತದೆ. ಮೂರನೆಯದರಲ್ಲೇ ಜಾಸ್ತಿ ಸ್ವಾರಸ್ಯ ಇದೆ. ಯಾಕೆಂದರೆ ಗಿಡ ಮರಳನ್ನು ತಡೆಯುತ್ತದೆ ಅಂತ ನಾವು ಸುಮ್ನೆ ಹೇಳಿಬಿಡುತ್ತೇವೆ. ನಿಜವಾಗಿ ಗಿಡ ಮರಳನ್ನು ಕೂಡಿಹಾಕುತ್ತದೆ. ಮರಳುಗುಡ್ಡೆಯನ್ನು ನಿಲ್ಲಿಸುವುದೂ ಗಿಡವೇ, ಎಷ್ಟೋ ಕಡೆ ಅದನ್ನು ಕಟ್ಟುವುದೂ ಗಿಡವೇ.

ಇಷ್ಟು ಮರಳು ಬಂದದ್ದು ಎಲ್ಲಿಂದ

ಅಲಮೇಲಮ್ಮನ ಶಾಪದ ಕಥೆ ನಮ್ಮ ಕಡೆ ಗೊತ್ತಿಲ್ಲದವರಿಲ್ಲ. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣವನ್ನು ವಶಮಾಡಿಕೊಂಡರು. ಅಲ್ಲಿ ವಿಜಯನಗರದ ಪ್ರತಿನಿಧಿಯಾಗಿದ್ದವನ ಹೆಂಡತಿ ಅಲಮೇಲಮ್ಮ ಮಾಲಂಗಿಯ ಬಳಿ ಹೊಳೆಗೆ ಹಾರಿದಳು. ತಲಕಾಡು ಮರಳಾಗಲಿ, ಮಾಲಂಗಿ ಮಡುವಾಗಲಿ, ಮೈಸೂರು ದೊರೆಗಳಿಗೆ ಮಕ್ಕಳಾಗದಿರಲಿ ಎಂದು ಶಪಿಸಿದಳು ಅನ್ನುತ್ತಾರೆ. ನಂಬುವುದು ಬಿಡುವುದು ಅವರವರಿಗೆ ಬಿಟ್ಟದ್ದು. ಆದರೆ ಮೊದಲಿನ ಎರಡು ಮಾತಿನಲ್ಲಿ ನದಿಯ ನಡವಳಿಕೆ ಸರಿಯಾಗಿಯೇ ಇದೆ. ಹೊಳೆ ಬಾಗಿ ಹರಿಯುವಾಗ ತಿರುವಿನ ಹೊರಬದಿಗೆ ನೀರು ರಭಸದಿಂದ ಬಡಿದು ದಡ ಕೊರೆಯುತ್ತದೆ, ಅಲ್ಲಿ ಮಡುವಾಗುತ್ತದೆ. ಒಳಬದಿಯಲ್ಲಿ ನೀರು ನಿಧಾನ. ಅಲ್ಲಿ ಮರಳು ಕೂರುತ್ತದೆ. ತಲಕಾಡಿನ ಬಳಿ ಕಾವೇರಿ ದೊಡ್ಡದಾಗಿ ಬಾಗುತ್ತದೆ.

ಈ ಊರು ಮೊದಲಿಂದ ಮರಳಿನಲ್ಲಿ ಹುದುಗಿದ್ದಲ್ಲ. ಗಂಗರು ಇದನ್ನು ರಾಜಧಾನಿ ಮಾಡಿಕೊಂಡಿದ್ದರು. ಹೊಯ್ಸಳ ವಿಷ್ಣುವರ್ಧನ ಚೋಳರಿಂದ ಗೆದ್ದುಕೊಂಡು 1117ರಲ್ಲಿ ಇಲ್ಲಿ ಕೀರ್ತಿನಾರಾಯಣ ದೇವಸ್ಥಾನ ಕಟ್ಟಿಸಿದ. ಮರಳು ಮೇಲೇರಿ ಬಂದದ್ದು ಆಮೇಲೆ. ಸಮೀಪದ ಹೆಮ್ಮಿಗೆಯಲ್ಲಿ ವಿಜಯನಗರದ ಕಾಲದ ಮಾಧವಮಂತ್ರಿ ಕಟ್ಟೆ ಇದೆ. ಆ ಕಟ್ಟೆಯಿಂದ ಹೊಳೆಯ ಹರಿವು ಬದಲಾಗಿ ಮರಳಿನ ಹಾಸು ಬಯಲಾಯಿತು ಎಂದು ಕೆಲವು ಸಂಶೋಧಕರು ವಾದಿಸಿದ್ದಾರೆ.

ಮರಳು ಬಯಲಾದರೆ ಸಾಲದು, ಅದನ್ನು ಎತ್ತುವ ಗಾಳಿಯೂ ಬೇಕು. ಅದಕ್ಕೆ ನಮ್ಮಲ್ಲಿ ಆಷಾಢದ ಗಾಳಿ ಇದೆ. ಜೂನ್, ಜುಲೈನಲ್ಲಿ ನೈಋತ್ಯ ಮುಂಗಾರು ಪಶ್ಚಿಮ ಘಟ್ಟದಲ್ಲಿ ಮಳೆ ಸುರಿಸಿ, ಹಗುರಾಗಿ ಈ ಕಡೆ ಬರುತ್ತದೆ. ಮೈಸೂರು ಬಯಲಿನಲ್ಲಿ ಜೋರು ಮಳೆ ಮೇ ತಿಂಗಳಲ್ಲಿ ಒಮ್ಮೆ, ಸೆಪ್ಟೆಂಬರ್–ಅಕ್ಟೋಬರಿನಲ್ಲಿ ಇನ್ನೊಮ್ಮೆ. ನಡುವಿನ ಆಷಾಢದಲ್ಲಿ ಹನಿ ಕಡಿಮೆ, ಗಾಳಿ ಜೋರು. ಬೇಸಿಗೆಯಲ್ಲಿ ಹೊಳೆ ಬತ್ತಿ ಮರಳು ತೆರೆದುಕೊಂಡಿರುತ್ತದೆ. ಹೊಳೆ ತುಂಬುವ ಮೊದಲೇ ಗಾಳಿ ಶುರುವಾಗುತ್ತದೆ. ತಲಕಾಡಿನ ಮರಳಿನ ಕಥೆಯ ಅರ್ಧ ಭಾಗ ಈ ಕೆಲವು ವಾರಗಳಲ್ಲಿದೆ.

19ನೇ ಶತಮಾನದಲ್ಲಿ ಮೈಸೂರು ಗೆಜೆಟಿಯರ್ ಬರೆದ ಬಿ.ಎಲ್. ರೈಸ್ ಈ ಗುಡ್ಡೆಗಳ ಬಗ್ಗೆ ಲೆಕ್ಕ ಕೊಟ್ಟಿದ್ದಾರೆ. ಅವು ವರ್ಷಕ್ಕೆ 9–10 ಅಡಿಯಂತೆ, ಮುಖ್ಯವಾಗಿ ಮುಂಗಾರಿನಲ್ಲಿ, ಊರಿನ ಕಡೆ ಮುಂದೊತ್ತುತ್ತಿದ್ದವಂತೆ. ಜನ ಮನೆ ಬಿಟ್ಟು ಹಿಂದೆ ಹಿಂದೆ ಸರಿಯಬೇಕಾಯಿತಂತೆ. ವರ್ಷಕ್ಕೆ 10 ಅಡಿ ಅಂದರೆ ಏನೂ ಅಲ್ಲ ಅನಿಸಬಹುದು. ನೂರು ವರ್ಷಕ್ಕೆ ಅದು ಸಾವಿರ ಅಡಿ. ಒಂದು ಕೇರಿ ಹೋಗಿ ಇನ್ನೊಂದು ಕೇರಿಯ ಬಾಗಿಲಿಗೆ ಬಂದು ನಿಲ್ಲುವಷ್ಟು ದೂರ.

ಮರಳು ಹಾರುವುದಿಲ್ಲ, ಕುಪ್ಪಳಿಸುತ್ತದೆ

ಕಣದಲ್ಲಿ ರಾಗಿ ತೂರುವುದನ್ನು ನೋಡಿದವರಿಗೆ ಗಾಳಿಯ ಕೆಲಸ ಬೇಗ ಅರ್ಥವಾಗುತ್ತದೆ. ಮೊರದಿಂದ ಬಿಟ್ಟ ರಾಶಿಯಲ್ಲಿ ಕಲ್ಲು, ಮಣ್ಣುಂಡೆ ನೇರ ಕೆಳಗೆ ಬೀಳುತ್ತವೆ. ಕಾಳು ಒಂದಿಷ್ಟು ಸರಿದು ಬೀಳುತ್ತದೆ. ಹೊಟ್ಟು ದೂರ ಹೋಗುತ್ತದೆ. ಹೊಳೆಯ ಹಾಸಿನ ಮೇಲೆ ಬೀಸುವ ಗಾಳಿಯೂ ಹೀಗೆಯೇ ವಿಂಗಡಿಸುತ್ತದೆ. ಧೂಳು ಎಲ್ಲಿಗೋ ತೇಲಿ ಹೋಗುತ್ತದೆ. ಗರಸು ಇದ್ದಲ್ಲೇ ಉಳಿಯುತ್ತದೆ. ನಡುವಿನದು, ಅಂದರೆ ಹೆಚ್ಚಾಗಿ ಮಿಲಿಮೀಟರಿನ ಕಾಲು ಭಾಗದ ಆಸುಪಾಸಿನ ಕಾಳು, ಗುಡ್ಡೆಗೆ ಸೇರುತ್ತದೆ. ಅದಕ್ಕೇ ಯಾವ ಗುಡ್ಡೆಯ ಮರಳನ್ನು ಹಿಡಿದು ನೋಡಿದರೂ ಕಾಳುಗಳೆಲ್ಲ ಸುಮಾರಾಗಿ ಒಂದೇ ಗಾತ್ರದವು.

ಒಣಗಿದ, ಸಡಿಲವಾದ ಮರಳು ಕದಲಬೇಕಾದರೆ ಗಾಳಿ ಗಂಟೆಗೆ ಸುಮಾರು 20 ಕಿಲೋಮೀಟರ್ ವೇಗದಲ್ಲಾದರೂ ಬೀಸಬೇಕು. ಆ ವೇಗ ಮುಟ್ಟಿದಾಗ ಒಂದು ಕಾಳು ಮೇಲೇಳುತ್ತದೆ, ಒಂದಿಷ್ಟು ದೂರ ಗಾಳಿಯ ಜೊತೆ ಸಾಗುತ್ತದೆ, ಮತ್ತೆ ನೆಲಕ್ಕೆ ಬೀಳುತ್ತದೆ. ಬೀಳುವಾಗ ಸುಮ್ಮನೆ ಬೀಳುವುದಿಲ್ಲ. ನೆಲದಲ್ಲಿದ್ದ ಇನ್ನೆರಡು ಕಾಳಿಗೆ ಗುದ್ದಿ ಎಬ್ಬಿಸುತ್ತದೆ. ಅವು ಇನ್ನಷ್ಟನ್ನು ಎಬ್ಬಿಸುತ್ತವೆ. ಹೀಗೆ ಶುರುವಾದ ಕುಪ್ಪಳಿಕೆ ಕ್ಷಣಗಳಲ್ಲಿ ಇಡೀ ಮೇಲ್ಮೈಗೆ ಹಬ್ಬುತ್ತದೆ. ಎದ್ದು ಹಾರಲಾರದಷ್ಟು ದಪ್ಪ ಕಾಳುಗಳು ಗುದ್ದು ತಿಂದು ನೆಲದಲ್ಲೇ ತೆವಳುತ್ತವೆ.

ಇದರಲ್ಲಿ ಎರಡು ಸಂಗತಿ ಮುಂದೆ ಬೇಕಾಗುತ್ತದೆ. ಒಂದು, ಮರಳಿನ ಬಹುಪಾಲು ಸಾಗುವುದು ನಮ್ಮ ಮೊಣಕಾಲಿಗಿಂತ ಕೆಳಗೆ. ಎತ್ತರದಲ್ಲಿ ಗಾಳಿ ಎಷ್ಟೇ ಬೀಸಲಿ, ನೆಲದ ಹತ್ತಿರ ಏನಾಗುತ್ತದೆ ಅನ್ನುವುದೇ ಲೆಕ್ಕ. ಇನ್ನೊಂದು, ಗಾಳಿಯ ವೇಗ ಎರಡು ಪಟ್ಟಾದರೆ ಸಾಗುವ ಮರಳು ಎರಡು ಪಟ್ಟಲ್ಲ, ಸುಮಾರು ಎಂಟು ಪಟ್ಟಾಗುತ್ತದೆ. ಇದನ್ನು ತಿರುಗಿಸಿ ನೋಡಿ. ನೆಲದ ಹತ್ತಿರ ಗಾಳಿಯ ವೇಗವನ್ನು ಅರ್ಧ ಮಾಡಿದರೆ ಮರಳಿನ ಸಾಗಾಟ ಎಂಟರಲ್ಲಿ ಒಂದು ಪಾಲಿಗೆ ಇಳಿಯುತ್ತದೆ, ಎಷ್ಟೋ ಸಲ ಪೂರಾ ನಿಂತೇ ಹೋಗುತ್ತದೆ. ಒಂದು ಬಡಪಾಯಿ ಹುಲ್ಲು ಇಷ್ಟು ದೊಡ್ಡ ಮರಳಿನ ಜೊತೆ ಸೆಣಸುವುದಕ್ಕೆ ಸಾಧ್ಯವಾಗುವುದು ಈ ಲೆಕ್ಕದಿಂದ.

ಗುಡ್ಡೆ ನಡೆಯುವುದು ಹೇಗೆ

ಮೊದಲು ಗಿಡವೇ ಇಲ್ಲದ ಜಾಗ ಅಂದುಕೊಳ್ಳೋಣ. ಎಲ್ಲೋ ಒಂದು ಕಡೆ ಮರಳು ತುಸು ಉಬ್ಬುತ್ತದೆ. ಗಾಳಿ ಬರುವ ಬದಿಯ ಇಳಿಜಾರು ಸಪಾಟು. ಕಾಳುಗಳು ಅದರ ಮೇಲೆ ಕುಪ್ಪಳಿಸುತ್ತ ನೆತ್ತಿಗೆ ಏರುತ್ತವೆ. ನೆತ್ತಿ ದಾಟಿದ ಕೂಡಲೇ ಗಾಳಿಗೆ ಮರೆ. ಅಲ್ಲಿ ಕಾಳು ಬಿದ್ದುಬಿಡುತ್ತದೆ. ಬಿದ್ದು ಬಿದ್ದು ಆ ಬದಿ ಕಡಿದಾಗುತ್ತದೆ, 32–34 ಡಿಗ್ರಿ ಮೀರಿದಾಗ ಜಾರಿ ಕೆಳಗಿಳಿಯುತ್ತದೆ. ಒಣ ಮರಳು ಅದಕ್ಕಿಂತ ಕಡಿದಾಗಿ ನಿಲ್ಲಲಾರದು. ಮನೆ ಕಟ್ಟುವ ಕಡೆ ಲಾರಿಯಿಂದ ಸುರಿದ ಹೊಳೆ ಮರಳಿನ ರಾಶಿಯ ಇಳಿಜಾರೂ ಇದೇ. ಎಂ-ಸ್ಯಾಂಡ್ ರಾಶಿಯಾದರೆ ಸ್ವಲ್ಪ ಕಡಿದು, ಅದರ ಕಾಳಿಗೆ ಮೂಲೆ ಜಾಸ್ತಿ.

ಹಿಂಬದಿಯಿಂದ ಕಿತ್ತು ಮುಂಬದಿಗೆ ಸುರಿಯುವ ಈ ಕೆಲಸ ಸಾಗಿದಂತೆ ಇಡೀ ಗುಡ್ಡೆ ಗಾಳಿಯ ದಿಕ್ಕಿನಲ್ಲಿ ಸರಿಯುತ್ತದೆ. ಚಿಕ್ಕ ಗುಡ್ಡೆ ಬೇಗ ಸರಿಯುತ್ತದೆ, ದೊಡ್ಡದು ನಿಧಾನ. ಒಂದು ಹೆಜ್ಜೆ ಮುಂದಿಡಲು ದೊಡ್ಡ ಗುಡ್ಡೆ ಎಷ್ಟೋ ಜಾಸ್ತಿ ಮರಳನ್ನು ಸಾಗಿಸಬೇಕಲ್ವಾ. ಮರುಭೂಮಿಯ ಬೋಳು ಗುಡ್ಡೆಗಳು ವರ್ಷಕ್ಕೆ ಹತ್ತಾರು ಮೀಟರ್ ನಡೆದುಬಿಡುವುದುಂಟು. ಅದಕ್ಕೆ ಹೋಲಿಸಿದರೆ ತಲಕಾಡಿನದು ನಿಧಾನದ ನಡಿಗೆ.

ನಡುವೆ ಒಂದು ಗಿಡ

ಈಗ ಆ ಬೋಳು ಮರಳಿನಲ್ಲಿ ಒಂದು ಹುಲ್ಲಿನ ಗುಪ್ಪೆ ಹುಟ್ಟಿತು ಅನ್ನಿ. ಗಾಳಿ ಅದಕ್ಕೆ ತಾಗುತ್ತದೆ, ಎಲೆಗಳನ್ನು ಬಾಗಿಸುತ್ತದೆ, ಬಾಗಿಸುವುದರಲ್ಲೇ ತನ್ನ ಶಕ್ತಿ ಕಳೆದುಕೊಳ್ಳುತ್ತದೆ. ಗುಪ್ಪೆಯ ಒಳಗೆ ಮತ್ತು ಹಿಂದೆ ಗಾಳಿ ಮೆತ್ತಗಾಗುತ್ತದೆ. ಹೊತ್ತು ತಂದ ಮರಳನ್ನು ಹೊರಲಾರದೆ ಅಲ್ಲೇ ಇಳಿಸುತ್ತದೆ. ಗುಪ್ಪೆಯ ಬೆನ್ನಿಗೆ ಮರಳಿನ ಒಂದು ಬಾಲ ಬೆಳೆಯುತ್ತದೆ. ಬೋಳು ಗುಡ್ಡೆಯಲ್ಲಿ ಮರಳು ಬೀಳುವ ಜಾಗವನ್ನು ಗುಡ್ಡೆಯ ಆಕಾರವೇ ನಿರ್ಧರಿಸುತ್ತಿತ್ತು. ಈಗ ಗಿಡ ನಿರ್ಧರಿಸುತ್ತದೆ.

ಮರಳು ಬೀಳುತ್ತ ಹೋದರೆ ಗಿಡ ಹೂತುಹೋಗುವುದಿಲ್ಲವೇ? ಬಹಳ ಗಿಡಗಳು ಹೂತೇ ಹೋಗುತ್ತವೆ. ಆದರೆ ಮರಳನ್ನೇ ನೆಚ್ಚಿಕೊಂಡ ಕೆಲವು ಜಾತಿಗಳಿವೆ. ಯುರೋಪಿನ ಕಡಲತೀರದ ಮ್ಯಾರಮ್ ಹುಲ್ಲು ಮೇಲೆ ಮರಳು ಬಿದ್ದಷ್ಟೂ ಚಿಗುರುತ್ತದೆ. ವರ್ಷಕ್ಕೆ ಒಂದು ಮೀಟರಿನಷ್ಟು ಮುಚ್ಚಿದರೂ ಮೇಲೆದ್ದು ಬರಬಲ್ಲದು. ಮರಳು ಬೀಳುವುದು ನಿಂತರೆ ಸೊರಗುತ್ತದೆ! ನಮ್ಮ ಕರಾವಳಿಯ ಮರಳಿನ ಮೇಲೆ ಹಬ್ಬುವ, ಆಡಿನ ಗೊರಸಿನಂಥ ಎಲೆಯ, ನೇರಳೆ ಹೂವಿನ ಬಳ್ಳಿಯೂ ಇದೇ ಜಾಯಮಾನದ್ದು. ಗೆಣ್ಣುಗೆಣ್ಣಿಗೂ ಬೇರು ಬಿಡುತ್ತ ಮರಳಿನ ಮೇಲೆ ಹಾಸಿಕೊಳ್ಳುತ್ತದೆ. ಇಂಥ ಗಿಡ ಮರಳು ಕೂಡಿಸುತ್ತದೆ, ಕೂಡಿಸಿದ ಮರಳಿನ ಮೇಲೆ ತಾನು ಏರುತ್ತದೆ, ಏರಿ ಇನ್ನಷ್ಟು ಕೂಡಿಸುತ್ತದೆ. ಬುಡದಲ್ಲಿ ದಿಬ್ಬ ಎದ್ದು ನಿಲ್ಲುತ್ತದೆ. ಕಡಲತೀರದ ಎಷ್ಟೋ ದಿಬ್ಬಗಳು ಹುಟ್ಟಿದ್ದು ಹೀಗೆ.

ಗಿಡ ಇದ್ದರೆ ಸಾಕು, ಎಷ್ಟಿದ್ದರೂ ಸರಿ ಅಂತಲ್ಲ. ಅಲ್ಲೊಂದು ಇಲ್ಲೊಂದು ಇರುವ ಗಿಡದ ಎರಡು ಬದಿಯಿಂದ ಗಾಳಿ ಸುತ್ತಿ ಹೋಗುವಾಗ ಇನ್ನೂ ವೇಗ ಪಡೆಯುತ್ತದೆ. ಬುಡದ ಪಕ್ಕದಲ್ಲೇ ಗುಂಡಿ ಬೀಳುತ್ತದೆ. ಗಿಡಗಳು ಹತ್ತಿರ ಹತ್ತಿರ ಬಂದಾಗ ಒಂದರ ಮರೆ ಇನ್ನೊಂದಕ್ಕೆ ತಾಗುತ್ತದೆ, ಗಾಳಿ ನೆಲಕ್ಕೆ ಇಳಿಯದೆ ಮೇಲಿಂದ ಮೇಲೆ ದಾಟಿಹೋಗುತ್ತದೆ. ಇದಕ್ಕೆ ನೆಲ ಪೂರ್ತಿ ಹಸಿರಾಗಬೇಕಿಲ್ಲ. ಸಾಮಾನ್ಯವಾಗಿ ಐದರಲ್ಲಿ ಒಂದು ಪಾಲಿನಿಂದ ಮೂರರಲ್ಲಿ ಒಂದು ಪಾಲು ನೆಲ ಮುಚ್ಚಿದರೆ ಸಾಗಾಟ ಬಹುತೇಕ ನಿಲ್ಲುತ್ತದೆ. ಗಿಡದ ಎತ್ತರ, ಹರಡಿರುವ ರೀತಿ ನೋಡಿಕೊಂಡು ಈ ಪಾಲು ಹೆಚ್ಚು ಕಡಿಮೆ ಆಗುತ್ತದೆ.

ತುದಿ ಯಾವ ಕಡೆಗಿದೆ ನೋಡಿ

ಮೇಲಿಂದ ತೆಗೆದ ಚಿತ್ರದಲ್ಲಿ ಮರಳುಗುಡ್ಡೆ ಕಂಡರೆ, ಅಲ್ಲಿ ಗಿಡದ ಕೈವಾಡ ಇದೆಯೋ ಇಲ್ಲವೋ ಅಂತ ಆಕಾರದಿಂದಲೇ ಹೇಳಬಹುದು. ಗಾಳಿ ಒಂದೇ ದಿಕ್ಕಿನಿಂದ ಬೀಸುವ, ಮರಳು ತೀರ ಹೆಚ್ಚಿಲ್ಲದ ಬೋಳು ಬಯಲಿನಲ್ಲಿ ಗುಡ್ಡೆ ಅರ್ಧಚಂದ್ರದ ಆಕಾರ ತಾಳುತ್ತದೆ. ಇದನ್ನು ಬರ್ಖಾನ್ ಅನ್ನುತ್ತಾರೆ. ಅದರ ಎರಡು ತುದಿಗಳು ಗಾಳಿ ಹೋಗುವ ಕಡೆಗೆ ಚಾಚಿರುತ್ತವೆ. ಕಾರಣ ಆಗಲೇ ಹೇಳಿದ್ದೇ. ಅಂಚಿನಲ್ಲಿ ಮರಳಿನ ಎತ್ತರ ಕಡಿಮೆ, ಆದ್ದರಿಂದ ಅಂಚು ಬೇಗ ಓಡುತ್ತದೆ, ನಡುವಿನ ದೊಡ್ಡ ರಾಶಿ ಹಿಂದೆ ಬೀಳುತ್ತದೆ.

ಗಿಡ ಇರುವ ಕಡೆ ಇದು ಪೂರಾ ಉಲ್ಟಾ. ಅಲ್ಲಿ ಅಂಚಿನಲ್ಲಿ ಮರಳು ಕಡಿಮೆ ಬೀಳುವುದರಿಂದ ಗಿಡ ಬದುಕಿ ಬೇರೂರುತ್ತದೆ. ಬೇರೂರಿದ ಅಂಚು ಕದಲುವುದಿಲ್ಲ. ನಡುಭಾಗದಲ್ಲಿ ಮರಳು ಹೆಚ್ಚು ಓಡಾಡುವುದರಿಂದ ಗಿಡ ಹಿಡಿಯುವುದಿಲ್ಲ. ನಡುಭಾಗ ಮುಂದೆ ಹೋಗುತ್ತದೆ, ಅಂಚುಗಳು ಹಿಂದೆ ಉಳಿದು ಎರಡು ಉದ್ದ ತೋಳುಗಳಾಗುತ್ತವೆ. ತುದಿಗಳು ಗಾಳಿ ಬರುವ ಕಡೆಗೆ ಇರುತ್ತವೆ. ಇದಕ್ಕೆ ಪ್ಯಾರಾಬೋಲಿಕ್ ಗುಡ್ಡೆ ಎಂದು ಹೆಸರು. ನಮ್ಮ ಥಾರ್ ಮರುಭೂಮಿಯಲ್ಲಿ ಇಂಥವು ಬಹಳ ಇವೆ. ಥಾರ್ ಅಂದರೆ ಬರೀ ಬೋಳು ಮರಳು ಅಂತ ಸಿನಿಮಾ ನೋಡಿ ಅಂದುಕೊಂಡಿರುತ್ತೇವೆ. ಅಲ್ಲಿನ ಗುಡ್ಡೆಗಳ ಆಕಾರ ಗಿಡಗಂಟಿಯ ಕಥೆಯನ್ನೇ ಹೇಳುತ್ತದೆ.

ಹಸಿರು ಹೊದ್ದ ಗುಡ್ಡೆಯಲ್ಲೂ ಒಂದು ಕಡೆ ಹೊದಿಕೆ ಹರಿದರೆ ಇದೇ ಆಟ ಶುರು. ಬೆಂಕಿ ಬಿತ್ತು, ದನ ತುಳಿದವು, ಜನ ಒಂದೇ ಜಾಡಿನಲ್ಲಿ ಓಡಾಡಿದರು ಅಂದುಕೊಳ್ಳಿ. ಗಾಳಿ ಆ ಸಂದಿಗೆ ನುಗ್ಗಿ ಮರಳು ಕೆದಕುತ್ತದೆ. ಸಂದಿ ಗುಂಡಿಯಾಗುತ್ತದೆ, ಗುಂಡಿಯಲ್ಲಿ ಗಾಳಿ ಇನ್ನೂ ಕಿರಿದಾಗಿ ಜೋರಾಗುತ್ತದೆ, ಅಂಚಿನ ಗಿಡಗಳ ಬೇರು ಬಯಲಾಗಿ ಅವೂ ಬೀಳುತ್ತವೆ.

ಬೆಳೆಯುವ ವೇಗಕ್ಕೂ ಬೀಳುವ ವೇಗಕ್ಕೂ ಪೈಪೋಟಿ

ಹಾಗಾದರೆ ಒಂದು ಜಾಗದಲ್ಲಿ ಗಿಡ ಗೆಲ್ಲುತ್ತದೋ ಮರಳು ಗೆಲ್ಲುತ್ತದೋ ಎಂದು ತೀರ್ಮಾನ ಆಗುವುದು ಹೇಗೆ? ವರ್ಷಕ್ಕೆ ಎಷ್ಟು ಮರಳು ಬಂದು ಬೀಳುತ್ತದೆ ಅಥವಾ ಕಿತ್ತು ಹೋಗುತ್ತದೆ, ಅಷ್ಟರಲ್ಲಿ ಗಿಡ ಎಷ್ಟು ಬೆಳೆಯುತ್ತದೆ ಎನ್ನುವುದರ ಮೇಲೆ. ಮಳೆ ಮುಖ್ಯ ನಿಜ. ಆದರೆ ಮರಳು ನೀರಿಗೆ ನಾವು ಅಂದುಕೊಂಡಷ್ಟು ಶತ್ರುವಲ್ಲ. ಮಳೆ ನೀರು ಮರಳಲ್ಲಿ ಬೇಗ ಇಂಗುತ್ತದೆ, ಮೇಲಿನ ಒಣ ಪದರ ಮುಚ್ಚಳದ ಹಾಗೆ ಕೆಳಗಿನ ತೇವ ಕಾಯುತ್ತದೆ. ಆಳಕ್ಕೆ ಬೇರು ಇಳಿಸಿದ ಗಿಡಕ್ಕೆ ಅಲ್ಲಿ ತೇವ ಸಿಗುತ್ತದೆ. ಮೊಳಕೆಗೆ ಮಾತ್ರ ಕಷ್ಟ. ಬೇರು ಕೆಳಗೆ ಮುಟ್ಟುವ ಮುನ್ನವೇ ಗಾಳಿ ಅದನ್ನು ಹೂಳುತ್ತದೆ, ಇಲ್ಲವೇ ಬುಡ ಕೆದಕಿ ಕೀಳುತ್ತದೆ.

ಇದರಿಂದ ಒಂದು ವಿಚಿತ್ರ ಆಗುತ್ತದೆ. ಅದೇ ಗಾಳಿ, ಅದೇ ಮಳೆ ಇದ್ದರೂ ಬೋಳಾಗಿರುವ ಗುಡ್ಡೆ ಬೋಳಾಗಿಯೇ ಉಳಿಯಬಹುದು, ಹಸಿರಾಗಿರುವುದು ಹಸಿರಾಗಿಯೇ ಉಳಿಯಬಹುದು. ಇದನ್ನು ಕಣ್ಣಾರೆ ನೋಡಬೇಕೆಂದರೆ ಈಜಿಪ್ಟ್ ಮತ್ತು ಇಸ್ರೇಲ್ ಗಡಿಯ ಉಪಗ್ರಹ ಚಿತ್ರ ನೋಡಿ. ಮರಳು ಒಂದೇ, ಗಾಳಿ ಒಂದೇ, ಮಳೆ ಒಂದೇ. ಆದರೂ ಗಡಿಯ ಗೆರೆ ಅಂತರಿಕ್ಷದಿಂದ ಎದ್ದು ಕಾಣುತ್ತದೆ. ಈಜಿಪ್ಟಿನ ಸಿನಾಯ್ ಕಡೆ ಮೇಕೆ, ಕುರಿ ಮೇಯ್ದು, ಸೌದೆಗೆ ಗಿಡ ಕಿತ್ತು ನೆಲ ಬೆಳ್ಳಗೆ ಕಾಣುತ್ತದೆ. ಇಸ್ರೇಲಿನ ನೆಗೆವ್ ಕಡೆ ಮೇಯಿಸುವುದು ನಿಂತ ಮೇಲೆ ಗಿಡಗಂಟಿ ಬಂದವು, ಮರಳಿನ ಮೇಲೆ ಸೂಕ್ಷ್ಮಜೀವಿಗಳ ತೆಳು ಹೆಪ್ಪು ಕಟ್ಟಿತು, ನೆಲ ಕಪ್ಪಾಗಿ ಕಾಣುತ್ತದೆ.

ಮನುಷ್ಯ ಮರಳು ನಿಲ್ಲಿಸಲು ಮಾಡುವ ಕೆಲಸವೆಲ್ಲ ಮೊಳಕೆಗೆ ಮೊದಲ ಎರಡು ಮೂರು ವರ್ಷ ಕಾವಲು ಕೊಡುವುದೇ. ಚೀನಾದ ಶಾಪೋತೌ ಎಂಬಲ್ಲಿ ಮರುಭೂಮಿಯ ಅಂಚಿನಲ್ಲಿ ರೈಲು ದಾರಿ ಹಾಕಿದಾಗ, 1950ರ ದಶಕದಲ್ಲಿ, ಒಣಹುಲ್ಲನ್ನು ಮರಳಿಗೆ ಚುಚ್ಚಿ ಒಂದೊಂದು ಮೀಟರಿನ ಚೌಕಗಳನ್ನು ಮಾಡಿದರು. ನಡುವೆ ಪೊದೆ ಗಿಡ ನೆಟ್ಟರು. ಹುಲ್ಲು ಕೊಳೆಯುವ ಹೊತ್ತಿಗೆ ಪೊದೆ ಬೇರೂರಿತ್ತು. ಜೋಧಪುರದ ಕೇಂದ್ರ ಒಣಪ್ರದೇಶ ಸಂಶೋಧನಾ ಸಂಸ್ಥೆ ಥಾರ್‌ನಲ್ಲಿ ರೂಢಿಗೆ ತಂದದ್ದೂ ಇದೇ ಬಗೆಯದು. ಮೊದಲು ಗಾಳಿಗೆ ಅಡ್ಡವಾಗಿ ಒಣ ಪೊದೆಗಳ ಗಿಡ್ಡ ಬೇಲಿ ಸಾಲು, ಆಮೇಲೆ ಸಾಲುಗಳ ನಡುವೆ ಗಿಡ. ನಮ್ಮ ಕಡೆ ಎಲ್ಲರೂ ಬೈಯುವ ಬಳ್ಳಾರಿ ಜಾಲಿಯನ್ನೂ ಅಲ್ಲಿ ಮರಳು ಹಿಡಿಯಲು ಬಳಸಿದ್ದಾರೆ.

ಬೇಲಿಯಲ್ಲಿ ಸಂದಿ ಇರಬೇಕು, ಗೋಡೆ ಆಗಬಾರದು. ಗೋಡೆ ಕಟ್ಟಿದರೆ ಗಾಳಿ ಮೇಲೆ ಹಾರಿ ಆಚೆ ಸುಳಿಯಾಗಿ ಇಳಿದು ಬುಡವನ್ನೇ ಕೆದಕುತ್ತದೆ. ಅರ್ಧ ಸಂದಿ, ಅರ್ಧ ಕಡ್ಡಿ ಇದ್ದರೆ ಗಾಳಿ ಸೋಸಿ ಹೋಗಿ ಮೆತ್ತಗಾಗುತ್ತದೆ. ಅದರ ಮರೆ ಬೇಲಿಯ ಎತ್ತರದ ಹತ್ತು ಪಟ್ಟಿಗೂ ಹೆಚ್ಚು ದೂರ ಸಿಗುತ್ತದೆ.

ತಲಕಾಡಿನ ಮರ ತೆಗೆದರೆ?

ಮೇಲ್ಗಡೆ ಕನ್ನಂಬಾಡಿ, ಕಬಿನಿ ಎರಡೂ ಕಟ್ಟೆಗಳಿವೆ. ಹೊಳೆ ತರುವ ಮರಳಿನ ಒಂದು ಪಾಲು ಕಟ್ಟೆಯ ಹಿಂದೆ ಹೂಳಾಗಿ ಉಳಿಯುತ್ತದೆ. ಆದರೆ ಗುಡ್ಡೆ ನಡೆಯಲು ಹೊಸ ಮರಳೇ ಬೇಕೆಂದಿಲ್ಲ. ಹಿಂಬದಿಯದನ್ನು ಮುಂದಕ್ಕೆ ಹಾಕುತ್ತ ತನ್ನ ಮರಳಲ್ಲೇ ನಡೆಯಬಲ್ಲದು. ಹೊದಿಕೆ ಪೂರ್ತಿ ಹೋದರೆ ಆಷಾಢದ ಗಾಳಿ ತನ್ನ ಹಳೆಯ ಕೆಲಸಕ್ಕೆ ಮರಳುವುದನ್ನು ತಡೆಯುವಂಥದ್ದು ಏನೂ ಇಲ್ಲ.

ಹಾಗಂತ ನೀಲಗಿರಿಯೇ ಬೇಕು ಅಂತಲೂ ಅಲ್ಲ. ಮರಳು ಸಾಗುವುದು ಮೊಣಕಾಲಿನ ಕೆಳಗೆ ಅಂದೆವಲ್ಲ. ಎತ್ತರಕ್ಕೆ ಬೆಳೆದ ಮರದ ಬೋಳು ಕಾಂಡಗಳ ನಡುವೆ ನೆಲ ಖಾಲಿ ಇದ್ದರೆ ಗಾಳಿ ಅಲ್ಲಿ ಧಾರಾಳವಾಗಿ ನುಗ್ಗುತ್ತದೆ. ಮರಳನ್ನು ಹಿಡಿದಿರುವುದರಲ್ಲಿ ಕಾಂಡಕ್ಕಿಂತ ಬುಡದಲ್ಲಿ ಬಿದ್ದ ಎಲೆ, ಸರ್ವೆಯ ಸೂಜಿಯಂಥ ತರಗಿನ ಹಾಸು, ನಡುವಿನ ಹುಲ್ಲು, ಹೆಣೆದುಕೊಂಡ ಬೇರಿನ ಪಾತ್ರ ದೊಡ್ಡದು. ಮರ ಉಳಿಸಿ ತರಗೆಲೆ ಗುಡಿಸಿಕೊಂಡು ಹೋದರೂ ಅಪಾಯವೇ. ಮರ ಕಡಿದು ಬೊಡ್ಡೆ, ತರಗು, ಹುಲ್ಲು ಹಾಗೇ ಬಿಟ್ಟರೆ ಅಪಾಯ ಕಡಿಮೆ. ಜೆಸಿಬಿ ತಂದು ಬೊಡ್ಡೆ ಕಿತ್ತರೆ ಹಿಡಿದಿಟ್ಟ ಮರಳನ್ನು ನಾವೇ ಸಡಿಲ ಮಾಡಿಕೊಟ್ಟಂತೆ.

ಬದಲಾಯಿಸುವುದಾದರೆ ಪಟ್ಟಿ ಪಟ್ಟಿಯಾಗಿ, ಗಾಳಿಗೆ ಅಡ್ಡಲಾಗಿ ಮಾಡಬೇಕಾಗುತ್ತದೆ. 15 ಮೀಟರ್ ಎತ್ತರದ ಮರದ ಸಾಲು ಉಳಿಸಿಕೊಂಡರೆ ಅದರ ಹಿಂದೆ ಸುಮಾರು 150 ಮೀಟರ್ ಮರೆ ಸಿಗುತ್ತದೆ. ಕಡಿಯುವ ಪಟ್ಟಿ ಅದಕ್ಕಿಂತ ಕಿರಿದಾಗಿದ್ದರೆ ಹೊಸ ಸಸಿ ಆ ಮರೆಯಲ್ಲಿ ಬೆಳೆಯಬಹುದು. ಕಾಲವೂ ಮುಖ್ಯ. ಬೇಸಿಗೆಯಲ್ಲಿ ಕಡಿದರೆ ಬೋಳು ನೆಲ ನೇರ ಆಷಾಢದ ಬಾಯಿಗೆ ಬೀಳುತ್ತದೆ. ಗಾಳಿ ಇಳಿದ ಮೇಲೆ, ಸೆಪ್ಟೆಂಬರ್ ಮಳೆಗೆ ಮುಂಚೆ ಕಡಿದು ನೆಟ್ಟರೆ ಮುಂದಿನ ಗಾಳಿಯೊಳಗೆ ಎಂಟೊಂಬತ್ತು ತಿಂಗಳು ಸಿಗುತ್ತದೆ. ಸಸಿಗಳಲ್ಲಿ ಹೊಳೆದಂಡೆಗೆ ಒಗ್ಗಿದ ಹೊಂಗೆ ಇದೆ. ಹುಲ್ಲಿನಲ್ಲಿ ಲಾವಂಚ ಇದೆ. ಅದರ ಬೇರು ಮೂರು ಮೀಟರಿನವರೆಗೂ ಇಳಿಯುತ್ತದೆ, ಮಣ್ಣು ಮುಚ್ಚಿದರೂ ಮೇಲೆ ಚಿಗುರುತ್ತದೆ.

ಇನ್ನು ನಡೆಯುವ ದಾರಿಗಳು. ತಲಕಾಡಿನಲ್ಲಿ ಒಂದು ದೇವಸ್ಥಾನದಿಂದ ಇನ್ನೊಂದಕ್ಕೆ ಹೋಗುವುದು ಮರಳಿನ ಮೇಲೇ. ಪಂಚಲಿಂಗ ದರ್ಶನ 2013ರಲ್ಲಿ, ಆಮೇಲೆ 2020ರಲ್ಲಿ ನಡೆಯಿತು. ಅಂಥ ಸಮಯದಲ್ಲಿ ಕಾಲ್ತುಳಿತ ಎಷ್ಟಿರುತ್ತದೆ ಎಂದು ಹೇಳಬೇಕಿಲ್ಲ. ನೈಋತ್ಯದಿಂದ ಈಶಾನ್ಯಕ್ಕೆ, ಅಂದರೆ ಗಾಳಿಯ ದಿಕ್ಕಿನಲ್ಲೇ ನೇರವಾಗಿ ಸವೆದ ಜಾಡು ಬೇಗ ಕಾಲುವೆಯಾಗುತ್ತದೆ. ಅಡ್ಡಡ್ಡ ಬಳಸಿ ಹೋಗುವ ದಾರಿಯಲ್ಲಿ ಆ ಅಪಾಯ ಕಡಿಮೆ. ಹಾಸು ಹಾಕಿ ಚಾವಣಿ ಕಟ್ಟಿದ ದಾರಿಯಲ್ಲಿ ನಡೆದರೆ ಪಕ್ಕದ ಹುಲ್ಲು ಉಳಿಯುತ್ತದೆ. ಹತ್ತಿರವಾಗುತ್ತೆ ಅಂತ ಮರಗಳ ನಡುವೆ ಇಳಿದು ಹೋಗುವ ಒಳದಾರಿಗಳಲ್ಲೇ ಮೊದಲು ಬೇರು ಬಯಲಾಗುವುದು.